ಅಬ್ಬಿ ನಿಂತ ಬೆಳಗುಗಳು

ನಮ್ಮ ಮನೆಯಲ್ಲಿ ಅನುಮಾನಕ್ಕೆ ಹೊತ್ತುಗೊತ್ತು ಇರಲಿಲ್ಲ. ಬೆಳಿಗ್ಗೆ ಬೆಣ್ಣೆ ತೆಗೆಯುವಾಗಲೇ ಅದು ಶುರುವಾಗುತ್ತಿತ್ತು. ಅಮ್ಮಮ್ಮ, ಅಂದರೆ ಅಪ್ಪಯ್ಯನ ತಾಯಿ, ಬೆಣ್ಣೆಯ ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು, ನಿನ್ನೆಗಿಂತ ಸಣ್ಣದಾಗಿದೆಯೆಂದು ಮೊದಲು ಬೆಕ್ಕನ್ನು, ಆಮೇಲೆ ನನ್ನನ್ನು, ಕಡೆಗೆ ಆಯಿಯನ್ನು, ಅಂದರೆ ನನ್ನ ತಾಯಿಯನ್ನು, ನೋಡುತ್ತಿದ್ದಳು. ಅಪ್ಪಯ್ಯ ದಿನಾ ಬಸ್ಸಿನಲ್ಲಿ ಉಮ್ಮಚಗಿಗೆ ಹೋಗಿ ಸೊಸೈಟಿಯಲ್ಲಿ ಅಡಿಕೆ ಮೂಟೆ ತೂಗುವ ಕೆಲಸ ಮಾಡುತ್ತಿದ್ದ. ಬೇರೆಯವರ ಮೂಟೆ ತೂಗಿ ತೂಗಿ, ಲೋಕದ ಎಲ್ಲ ಮೂಟೆಗಳ ತಳದಲ್ಲೂ ಒದ್ದೆ ಅಡಿಕೆ ಇದ್ದೇ ಇರುತ್ತದೆ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಗಿ ಕೂತಿತ್ತು. ಯಾರಾದರೂ ಸುಮ್ಮನೆ ಬಂದು, ಸುಮ್ಮನೆ ಮಾತಾಡಿ, ಎಲೆಯಡಿಕೆಯ ಕವಳ ಹಾಕಿ ಎದ್ದು ಹೋದರೆ, ಅವರು ಬಂದದ್ದು ಯಾಕೆ ಎಂಬ ವಿಚಾರಣೆ ಊಟದ ತನಕ ನಡೆಯುತ್ತಿತ್ತು. ಏನೂ ಕೇಳದೆ ಹೋದವರ ಮೇಲೆ ಅಪ್ಪಯ್ಯನಿಗೆ ಹೆಚ್ಚು ಗುಮಾನಿ. ಹುಲೇಕಲ್ ಕಡೆಯಿಂದ ಮದುವೆಯಾಗಿ ಬಂದ ಆಯಿ ಒಬ್ಬಳೇ ಇದಕ್ಕೆಲ್ಲ ನಗುತ್ತಿದ್ದಳು. ನಗುವುದು ಯಾಕೆ ಎಂದು ಅಮ್ಮಮ್ಮನಿಗೆ ಅದೊಂದು ಬೇರೆ ಅನುಮಾನ.

ನಂದೊಳ್ಳಿ ಹತ್ತಿರ ನಮ್ಮದು ಎರಡೇ ಮನೆಯ ಕೇರಿ. ಏರಿನ ಮೇಲೊಂದು, ಕೆಳಗೊಂದು; ಕೆಳಗಿನದು ನಮ್ಮದು. ಎರಡು ಮನೆಗೂ ನೀರು ಗುಡ್ಡದ ಒರತೆಯದು. ಸೇದುವ ಕೆಲಸವಿಲ್ಲ, ಪಂಪಿನ ಗೊಡವೆಯಿಲ್ಲ. ಎತ್ತರದಲ್ಲಿ ಹುಟ್ಟಿದ ನೀರು ತಾನಾಗಿ ಇಳಿದು ಬಂದು ಬಚ್ಚಲಿನ ಕಲ್ಲುಮರಿಗೆಗೆ ಬೀಳುತ್ತಿತ್ತು. ನಮ್ಮ ಕಡೆ ಇದಕ್ಕೆ ಅಬ್ಬಿ ಎನ್ನುತ್ತಾರೆ. ಹಗಲೂ ರಾತ್ರಿ ಅದು ಬೀಳುತ್ತಲೇ ಇರುತ್ತದೆ, ಅದನ್ನು ಯಾರೂ ನಿಲ್ಲಿಸುವುದಿಲ್ಲ. ಮರಿಗೆ ತುಂಬಿ ಹೊರಚೆಲ್ಲಿದ್ದು ಬಸಳೆ ಚಪ್ಪರದ ಬುಡಕ್ಕೆ, ಅಲ್ಲಿಂದ ಬಾಳೆಗೆ, ಬಾಳೆಯಿಂದ ದನ ನೀರು ಕುಡಿಯುವ ಹೊಂಡಕ್ಕೆ ಹೋಗುತ್ತಿತ್ತು. ಮೊದಲೆಲ್ಲ ಅಡಿಕೆಮರ ಸೀಳಿ ಮಾಡಿದ ದಬ್ಬೆಯಲ್ಲಿ ನೀರು ತರುತ್ತಿದ್ದರಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಕಪ್ಪು ಪೈಪು ಬಂದಾಗಿತ್ತು. ದಬ್ಬೆಯಾದರೆ ದಾರಿಯುದ್ದಕ್ಕೂ ನೀರು ಕಾಣುತ್ತದೆ; ಎಲೆ ಬಿದ್ದರೂ ಕಾಣುತ್ತದೆ, ಯಾರಾದರೂ ತಮ್ಮ ಕಡೆ ತಿರುಗಿಸಿಕೊಂಡರೂ ಕಾಣುತ್ತದೆ. ಪೈಪಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಯಾರಿಗೆ ಗೊತ್ತು? ನಮ್ಮ ಎರಡು ಮನೆಗಳ ನಡುವಿನ ಅಪನಂಬಿಕೆ ಬೆಳೆದದ್ದು ಪೈಪು ಬಂದ ಮೇಲೇ ಎಂದು ಆಯಿ ಹೇಳುತ್ತಿದ್ದಳು.

ಸಾಲದ್ದಕ್ಕೆ ಆ ನೀರು ಪಾಲಾಗುವ ಜಾಗ ಇದ್ದದ್ದು ಮೇಲಿನಮನೆಯವರ ಅಂಗಳದ ಮೂಲೆಯಲ್ಲಿ. ಅಲ್ಲೊಂದು ಸಣ್ಣ ಸಿಮೆಂಟಿನ ತೊಟ್ಟಿ, ಮೇಲೊಂದು ಕಲ್ಲುಚಪ್ಪಡಿ, ಒಳಗೆ ಎರಡು ಪೈಪಿನ ಬಾಯಿ. ಒಂದು ಅವರಿಗೆ, ಒಂದು ನಮಗೆ. ಎರಡೂ ಬಾಯಿ ಒಂದೇ ಎತ್ತರದಲ್ಲಿ ಇವೆಯೋ ಇಲ್ಲವೋ ಎಂದು ಅಪ್ಪಯ್ಯ ಗೌಂಡಿಯಿಂದ ರಸಮಟ್ಟ ತಂದು ನೋಡಿದ್ದ. ಸರಿಯಾಗಿಯೇ ಇತ್ತು. ಆಮೇಲೆ ಆ ರಸಮಟ್ಟವೇ ಸರಿಯಿಲ್ಲವೇನೋ ಎಂದು ತಲೆಬಿಸಿ ಮಾಡಿಕೊಂಡ. ಮೇಲಿನಮನೆಯ ಸುಶೀಲತ್ತೆಯೂ ಕಡಿಮೆಯವಳಲ್ಲ. ನಮ್ಮ ಮನೆಯವರು ಯಾರಾದರೂ ತೊಟ್ಟಿಯ ಹತ್ತಿರ ಸುಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬಂದು ನಿಲ್ಲುತ್ತಿದ್ದಳು. ಅವಳ ಮಗಳು ಪದ್ಮಿನಿ ನನ್ನ ತರಗತಿಯವಳು. ನಾವಿಬ್ಬರೂ ಒಂದೇ ಕಾಲುದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದೆವು. ಅದೇ ಶಾಲೆಯಲ್ಲಿ ಆಯಿ ಟೀಚರು. ಮಕ್ಕಳ ಬಾಯಲ್ಲಿ ಅಕ್ಕೋರು.

ಆಯಿಯ ನೌಕರಿ ಆಗಿನ್ನೂ ಖಾಯಂ ಆಗಿರಲಿಲ್ಲ. ಆ ವರ್ಷ ಆಗಬೇಕಿತ್ತು. ಹೊತ್ತಿಗೆ ಸರಿಯಾಗಿ ಹೋಗಬೇಕು, ರಜೆ ಹಾಕಬಾರದು, ಹೆಡ್ ಮಾಸ್ತರರು ಒಳ್ಳೆಯ ಮಾತು ಬರೆದು ಕಳಿಸಬೇಕು. ಅದಕ್ಕಾಗಿ ಆಯಿ ಕೋಳಿ ಕೂಗುವ ಮೊದಲೇ ಎದ್ದು, ತಿಂಡಿ, ಅಡುಗೆ, ಕೊಟ್ಟಿಗೆ ಎಲ್ಲ ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಅಂಗಳದ ಬೇಲಿಯ ದಣಪೆ ದಾಟುತ್ತಿದ್ದಳು. ಅಮ್ಮಮ್ಮನಿಗೆ ಇದು ಸೇರುತ್ತಿರಲಿಲ್ಲ. ಅಮ್ಮಮ್ಮ ಹಳೆಯ ಕಾಲದ ವಿಧವೆ, ಕೆಂಪು ಸೀರೆ, ಕಟ್ಟಾ ಮಡಿ. ಅವಳ ಮಡಿಸೀರೆ ಒಣಗುವ ಬಿದಿರಿನ ಗಳ, ಅಂದರೆ ಉದ್ದ ಕೋಲು, ಬಚ್ಚಲ ಮಾಡಿಗೆ ಎತ್ತರದಲ್ಲಿ ತೂಗುತ್ತಿತ್ತು. ಅದನ್ನು ಹಾಕುವುದೂ ತೆಗೆಯುವುದೂ ಅವಳೇ, ಅದೂ ಕೋಲಿನಿಂದ. ನಾವು ಯಾರೂ ಮುಟ್ಟುವಂತಿಲ್ಲ. ಒಮ್ಮೆ ಗಾಳಿಗೆ ಅದರ ಸೆರಗು ನನ್ನ ತಲೆಗೆ ತಾಗಿದ್ದಕ್ಕೆ ಇಡೀ ಸೀರೆಯನ್ನು ಮತ್ತೆ ಒಗೆದು, ತಾನೂ ಮತ್ತೆ ಮಿಂದು, ಮಧ್ಯಾಹ್ನದ ತನಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಬೆಳಿಗ್ಗೆ ಮಡಿಯಲ್ಲೇ ಹೂವಿನ ಬುಟ್ಟಿ ಹಿಡಿದು ಮೇಲಿನಮನೆಯ ಅಂಗಳಕ್ಕೆ ಹೋಗುವುದು ಅವಳ ಪದ್ಧತಿ. ದಾಸವಾಳ, ನಂದಬಟ್ಟಲು ಎಲ್ಲ ಇದ್ದದ್ದು ಅಲ್ಲಿ. ದೇವರಿಗೆ ಹೂ ಕೊಯ್ಯಲು ಬಂದವರನ್ನು ಯಾರೂ ಬೇಡ ಎನ್ನುವುದಿಲ್ಲ. ಮನೆಮನೆಯ ಮಾತು ಬಿಟ್ಟಾಗಲೂ ಹೂವಿನ ಬುಟ್ಟಿಗೆ ಅಡ್ಡಿ ಇರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಆಯಿಯನ್ನು ಸಿರಸಿಗೆ ತರಬೇತಿಗೆ ಕಳಿಸಿದರು. ಮನೆಬಳಕೆಯ ನೀರಿನ ಬಗ್ಗೆ ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ತರಬೇತಿ. ಬರುವಾಗ ಆಯಿ ಸುರುಳಿ ಸುತ್ತಿದ ಒಂದು ದೊಡ್ಡ ಪಟ ತಂದಳು. ಅದರಲ್ಲಿ ಒಂದು ನಲ್ಲಿ, ನಲ್ಲಿಯ ಬಾಯಲ್ಲಿ ಒಂದು ಹನಿ. ಹನಿಗೆ ಕಣ್ಣು ಮೂಗು ಬರೆದು ಅದು ಅಳುವಂತೆ ಮಾಡಿದ್ದರು. ಮರುದಿನ ತರಗತಿಯಲ್ಲಿ ಅದನ್ನು ತೂಗುಹಾಕಿ, ನೀರು ಬೇಡವಾದಾಗ ಹೀಗೆ ನಲ್ಲಿ ತಿರುಗಿಸಿ ನಿಲ್ಲಿಸಬೇಕು ಎಂದು ಕೈಯಲ್ಲಿ ಮಾಡಿ ತೋರಿಸಿದಳು. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

"ಅಕ್ಕೋರೇ, ನಮ್ಮನಿ ನೀರಿಗೆ ಕಿವಿನೇ ಇಲ್ಲ. ಎಂತ ತಿರುಗ್ಸೂದು?"

ಇಡೀ ತರಗತಿ ನಕ್ಕಿತು, ಆಯಿಯೂ ನಕ್ಕಳು. ಅಲ್ಲಿದ್ದ ಒಂದು ಮಗುವಿನ ಮನೆಯಲ್ಲೂ ನಲ್ಲಿ ಇರಲಿಲ್ಲ. ಕೆಲವರದು ಅಬ್ಬಿ, ಕೆಲವರದು ಬಾವಿ, ಉಳಿದವರದು ಹಳ್ಳ. ಆಯಿ ಪಟವನ್ನು ಸುತ್ತಿ ಬೀರುವಿನ ಮೇಲಿಟ್ಟಳು. ಬದಲಿಗೆ ತಾನೇ ಒಂದು ಪಾಠ ಮಾಡಿದಳು. ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಯಾವುದಕ್ಕೆ ಎಷ್ಟು ಕೊಡ ಬೇಕು, ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ, ನೋಡಿಕೊಂಡು ಬಂದು ಹೇಳಿ. ಕೇಳಿಕೊಂಡು ಬರಬೇಡಿ, ನಡೆದು ಹೋಗಿ ನೋಡಿಕೊಂಡು ಬನ್ನಿ ಎಂದು ಒತ್ತಿ ಹೇಳಿದಳು. ಮಕ್ಕಳಿಗೆ ಇದು ಖುಷಿಯ ಕೆಲಸ. ಸಂಜೆಯಾದರೆ ಗುಡ್ಡ ಹತ್ತಿ ಒರತೆ ಹುಡುಕುವುದು, ಬಚ್ಚಲಲ್ಲಿ ಕೂತು ಕೊಡ ಎಣಿಸುವುದು, ಅಜ್ಜ ಎರಡು ಹಂಡೆ ನೀರು ಮೀಯುತ್ತಾನೆ ಎಂದು ಶಾಲೆಯಲ್ಲಿ ಬಂದು ವರದಿ ಒಪ್ಪಿಸುವುದು.

ಆದರೆ ಊರಿನ ದೊಡ್ಡವರ ಕಿವಿ ನೆಟ್ಟಗಾಯಿತು. ಅಕ್ಕೋರು ಮಕ್ಕಳ ಕೈಯಲ್ಲಿ ಕೊಡ ಎಣಿಸುತ್ತಿದ್ದಾರೆಂದರೆ ಸರಕಾರ ಅಬ್ಬಿಗೂ ಮೀಟರು ಕೂರಿಸುತ್ತದೆ ಎಂದು ಗುಸುಗುಸು ಹಬ್ಬಿತು. ಕೆಲವರು ಮಕ್ಕಳಿಗೆ ಕಡಿಮೆ ಹೇಳು ಎಂದು ಕಲಿಸಿ ಕಳಿಸಿದರು. ಮೇಲಿನಮನೆಯಲ್ಲಿ ಬೇರೆಯೇ ಲೆಕ್ಕ. ಪದ್ಮಿನಿ ಒಂದು ದಿನ ದಾರಿಯಲ್ಲಿ ಹೇಳಿಬಿಟ್ಟಳು:

"ನಿನ್ನ ಆಯಿ ಯಂಗಳ ಮನೆ ಕೊಡ ಲೆಕ್ಕ ಮಾಡ್ಸದು ನಿನ್ನ ಅಪ್ಪಯ್ಯಂಗೆ ಹೇಳಲೆ ಅಡ. ಆಯಿ ಹೇಳ್ತು."

ನಾನು ಸಿಟ್ಟಿನಿಂದ ಇಲ್ಲ ಎಂದೆ. ಆದರೆ ಮನೆಯಲ್ಲಿ ಅಪ್ಪಯ್ಯ ಆಗಲೇ ಎರಡು ಸಲ, ಮೇಲಿನಮನೆಯವರು ದಿನಕ್ಕೆ ಎಷ್ಟು ನೀರು ಖರ್ಚು ಮಾಡುತ್ತಾರಂತೆ ಎಂದು ತೀರಾ ಸಹಜ ಎಂಬ ಧ್ವನಿಯಲ್ಲಿ ಆಯಿಯನ್ನು ಕೇಳಿದ್ದ. ಆಯಿ ಪಾತ್ರೆ ತೊಳೆಯಲು ಎದ್ದು ಹೋಗಿದ್ದಳು. ಸುಶೀಲತ್ತೆಯ ಅನುಮಾನ ಪೂರ್ತಿ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಬ್ಬಿ ನಿಂತಿತು. ಆಯಿ ಅಕ್ಕಿ ತೊಳೆಯಲು ಬಚ್ಚಲಿಗೆ ಹೋದವಳು ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟಳು. ಪೈಪಿನ ಬಾಯಿಂದ ಒಂದೆಳೆ ನೀರು ಜಿನುಗಿ, ಅದೂ ನಿಂತಿತು. ಕೆಳಗಿನ ಹಳ್ಳದ ಪಕ್ಕದ ಹೊಂಡದಿಂದ ಕೊಡದಲ್ಲಿ ಹೊತ್ತು ತರುವುದೊಂದೇ ದಾರಿ. ಇಳಿಯುವಾಗ ಸುಲಭ, ಹತ್ತುವಾಗ ಎದೆ ಬಡಿದುಕೊಳ್ಳುವ ಏರು. ಆಯಿ ಹೊತ್ತು ಹೊತ್ತು ಹಂಡೆ ತುಂಬಿ, ದನಕ್ಕೆ ಕುಡಿಸಿ, ಶಾಲೆಗೆ ಹೋಗುವಾಗ ಪ್ರಾರ್ಥನೆ ಮುಗಿದು ಮಗ್ಗಿ ನಡೆದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅಬ್ಬಿ ತಾನಾಗಿ ಮತ್ತೆ ಬಂದಿತಂತೆ. ಎಲೆ ಸಿಕ್ಕಿರಬೇಕು ಎಂದಳು ಆಯಿ. ಆದರೆ ಅದು ಮತ್ತೆ ನಿಂತಿತು. ಆ ವಾರವೂ, ಮುಂದಿನ ವಾರವೂ. ಹೆಡ್ ಮಾಸ್ತರರು ಮೊದಲು ಗಡಿಯಾರ ನೋಡಿದರು, ಆಮೇಲೆ ಮುಖ ನೋಡಿದರು, ಕಡೆಗೊಂದು ದಿನ ಬಾಯಿ ಬಿಟ್ಟು, ಹೀಗಾದರೆ ನಿಮ್ಮ ಬಗ್ಗೆ ನಾನು ಏನು ಬರೆಯಲಿ ಅಕ್ಕೋರೇ ಎಂದರು.

ಅಪ್ಪಯ್ಯನಿಗೆ ಯಾವ ಸಂಶಯವೂ ಇರಲಿಲ್ಲ. ಅಂದರೆ ಸಂಶಯ ಪೂರ್ತಿಯಾಗಿ ಒಂದೇ ಕಡೆ ಇತ್ತು. ಅಂಗಳದಲ್ಲಿ ನಿಂತು, ಹಲ್ಲುಜ್ಜುವ ನೆಪದಲ್ಲಿ, ಮೇಲಿನಮನೆಗೆ ಕೇಳುವಂತೆ ಗಾಳಿಯ ಜೊತೆ ಮಾತಾಡಿದ:

"ನೀರು ದೇವ್ರು ಕೊಟ್ಟಿದ್ದು. ಅದ್ಕೂ ಕೈ ಹಾಕವ್ವು ಇದ್ದ ಹೇಳಾತು!"

ಮೇಲಿನಿಂದ ಸುಶೀಲತ್ತೆಯ ಧ್ವನಿಯೂ ಗಾಳಿಯ ಜೊತೆಗೇ ಬಂತು:

"ಕೊಡ ಲೆಕ್ಕ ಮಾಡವ್ವು ಯಾರು ಹೇಳಿ ಊರಿಗೇ ಗೊತ್ತಿದ್ದು!"

ಅಲ್ಲಿಗೆ ಎರಡು ಮನೆಗೂ ಮಾತು ಬಿಟ್ಟಿತು. ನಾನೂ ಪದ್ಮಿನಿಯೂ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯತೊಡಗಿದೆವು. ಹಳ್ಳ ದಾಟುವ ಸಂಕದ ಹತ್ತಿರ ಬಂದಾಗ ಅವಳು ಒಮ್ಮೆ ಹಿಂದಿರುಗಿ ನೋಡುತ್ತಿದ್ದಳು, ನಾನು ಕಾಲಿಗೆ ಮುಳ್ಳು ಚುಚ್ಚಿದವಳಂತೆ ಬಗ್ಗುತ್ತಿದ್ದೆ. ಹತ್ತು ವರ್ಷದ ನನಗೆ ಅವಳಿಲ್ಲದೆ ಶಾಲೆಯೇ ಬೇಡವೆನಿಸಿತ್ತು. ಆದರೂ ಅವಳ ಚೀಲದಿಂದ ಹುರಿದ ಹಲಸಿನ ಹಪ್ಪಳದ ವಾಸನೆ ಬಂದಾಗ, ಇದು ನನ್ನನ್ನು ಬಾಯಿ ಬಿಡಿಸಲು ಸುಶೀಲತ್ತೆ ಮಾಡಿದ ಉಪಾಯ ಎಂದು ನಂಬಿದೆ. ಅಷ್ಟರಮಟ್ಟಿಗೆ ನಾನು ನಮ್ಮ ಮನೆಯ ಮಗಳಾಗಿದ್ದೆ.

ಮನೆಯೊಳಗೆ ಮಾತು ನೀರಿನಿಂದ ನೌಕರಿಗೆ ತಿರುಗಿತ್ತು. ಊಟಕ್ಕೆ ಕೂತಾಗ ಅಮ್ಮಮ್ಮ, ಬಾಳೆಲೆಯ ಕಡೆ ನೋಡುತ್ತ, ಯಾರನ್ನೂ ಹೆಸರಿಸದೆ ಹೇಳಿದಳು.

"ನೀರಿಲ್ಲದ ಮನೇಲಿ ಹೆಂಗಸು ಹೊರಗೆ ದುಡಿಯಲೆ ಹೋಪದು ಎಲ್ಲೂ ಕಂಡಿದ್ನಿಲ್ಲೆ."

ಅಪ್ಪಯ್ಯ ಸಾರು ಸುರಿದು ಮುಗಿಸಿ, ಹಾಗಾದರೆ ಈ ವರ್ಷದ ಶಾಲೆಯ ಪರೀಕ್ಷೆ ಮುಗಿಯುವ ತನಕ ನೋಡುವಾ, ಆಮೇಲೂ ಹೀಗೇ ಆದರೆ ನೌಕರಿ ಬಿಟ್ಟುಬಿಡು ಎಂದ. ಆಯಿ ಬಡಿಸುವ ಸೌಟು ಕೆಳಗಿಟ್ಟಳು.

"ಬಿಡ್ತ್ನಿಲ್ಲೆ. ಅಬ್ಬಿ ನಿಂತ ದಿನ ನೀರು ಹೊರದು ಆನೊಬ್ಳೇ ಅಲ್ಲ. ನಾಳೆಯಿಂದ ನಿಂಗಳೂ ಎರಡು ಕೊಡ ತನ್ನಿ."

ಅಪ್ಪಯ್ಯ ನಗೆಮಾತು ಎಂದುಕೊಂಡ. ಆದರೆ ಮುಂದಿನ ಸಲ ಅಬ್ಬಿ ನಿಂತಾಗ ಆಯಿ ಅವನ ಮುಂದೆ ತಾಮ್ರದ ಕೊಡ ತಂದಿಟ್ಟು ಸುಮ್ಮನೆ ನಿಂತಳು. ಅಪ್ಪಯ್ಯ ಕೊಡ ಹೆಗಲಿಗೇರಿಸಿ, ಮೇಲಿನಮನೆಯವರು ನೋಡುತ್ತಾರೆಂದು ತಲೆಗೆ ಟವೆಲು ಮುಚ್ಚಿಕೊಂಡು ಏರು ಹತ್ತಿದ. ಅರ್ಧ ನೀರು ಬೆನ್ನ ಮೇಲೆ ಚೆಲ್ಲಿತ್ತು. ಅಂದು ಅವನು ಮಿಂದದ್ದು ಎರಡು ಚೊಂಬಿನಲ್ಲಿ. ದಿನಾ ಒಂದು ಹಂಡೆ ಖಾಲಿ ಮಾಡಿದರೂ ಬಿಸಿ ಸಾಲದು ಎನ್ನುತ್ತಿದ್ದವನು ಅವನು. ಅಕ್ಕಿ ತೊಳೆದ ನೀರು ದನಕ್ಕೆ, ಪಾತ್ರೆ ತೊಳೆದದ್ದು ಬಸಳೆಗೆ ಎಂದು ಯಾರೂ ಹೇಳದೆಯೇ ಮನೆಯಲ್ಲಿ ಹೊಸ ಶಿಸ್ತು ಬಂತು. ನಾನು ಬಚ್ಚಲಲ್ಲಿ ಒಂದು ಚೊಂಬು ಹೆಚ್ಚು ಬಳಸಿದರೆ ಅಪ್ಪಯ್ಯ ಹೊರಗಿನಿಂದಲೇ ಕೆಮ್ಮುತ್ತಿದ್ದ. ಆಯಿಯ ಪಾಠವನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವನು ಅವನೇ. ಆದರೆ ಅದಕ್ಕೆ ಅವನು ಸುಶೀಲತ್ತೆಯನ್ನು ಮಾತ್ರ ಶಪಿಸುತ್ತಿದ್ದ.

ಆಯಿ ಶಪಿಸುತ್ತಿರಲಿಲ್ಲ. ಅವಳು ನೋಡುತ್ತಿದ್ದಳು. ಅಬ್ಬಿ ಭಾನುವಾರ ಯಾವತ್ತೂ ನಿಲ್ಲುತ್ತಿರಲಿಲ್ಲ. ಸಂಕ್ರಾಂತಿಯ ರಜೆಯಲ್ಲಿ ನಿಲ್ಲಲಿಲ್ಲ. ನನಗೆ ಜ್ವರ ಬಂದು ಆಯಿ ಮನೆಯಲ್ಲಿ ಉಳಿದ ದಿನ, ಬೆಳಿಗ್ಗೆ ನಿಂತ ನೀರು ಆಯಿ ಶಾಲೆಗೆ ಹೋಗುವುದಿಲ್ಲ ಎಂದು ಹೇಳಿ ಸ್ವಲ್ಪ ಹೊತ್ತಿಗೇ ಬಂದುಬಿಟ್ಟಿತು. ಇನ್ನೂ ಒಂದು ವಿಷಯ ಇತ್ತು. ಅಬ್ಬಿ ನಿಂತ ದಿನ ಮನೆಯ ಪಾತ್ರೆಗಳೆಲ್ಲ ಬರಿದಾಗಿದ್ದರೂ ಅಮ್ಮಮ್ಮನ ಮಡಿಕೊಡ ಮಾತ್ರ ಕಂಠದವರೆಗೆ ತುಂಬಿರುತ್ತಿತ್ತು. ಆಯಿ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕೊಡವನ್ನು ಬಹಳ ಹೊತ್ತು ನೋಡಿದ್ದನ್ನು ನಾನು ಕಂಡಿದ್ದೇನೆ. ಅವತ್ತು ಅವಳು ನಗಲಿಲ್ಲ.

ಮರುದಿನ ಶಾಲೆಯಲ್ಲಿ ಆಯಿ ಹೆಡ್ ಮಾಸ್ತರರ ಒಪ್ಪಿಗೆ ಕೇಳಿದಳು. ಮುಂದಿನ ಸಲ ನನ್ನ ಮನೆಗೆ ನೀರು ಬಾರದೆ ಇದ್ದಾಗ ಮಕ್ಕಳನ್ನು ಕರೆದುಕೊಂಡು ನೀರಿನ ದಾರಿ ನೋಡಲು ಹೋಗುತ್ತೇನೆ, ಅದೇ ಅಂದಿನ ಪಾಠ ಎಂದಳು. ತಡವಾಗಿ ಬರುವುದಕ್ಕೆ ಇದೊಂದು ಹೊಸ ಉಪಾಯವೇ ಎಂಬಂತೆ ಅವರು ಅವಳನ್ನು ನೋಡಿ, ಆಗಲಿ ಎಂದರು. ಹಾಗೆ ಒಂದು ಬೆಳಿಗ್ಗೆ ನೀರು ನಿಂತಾಗ ಆಯಿ ಕೊಡ ಎತ್ತಲಿಲ್ಲ. ಒಲೆಯ ಮೇಲೆ ಏನೂ ಇಡದೆ ಸೀದಾ ಶಾಲೆಗೆ ಹೋಗಿ, ಪ್ರಾರ್ಥನೆ ಮುಗಿಯುತ್ತಲೇ ನಮ್ಮನ್ನೆಲ್ಲ ಸಾಲು ಮಾಡಿಸಿ ಹೊರಡಿಸಿದಳು. ಮೊದಲು ಗುಡ್ಡದ ಒರತೆ. ಅಲ್ಲಿ ಕಲ್ಲಿನ ಸಂದಿಯಿಂದ ನೀರು ತಣ್ಣಗೆ ಇಳಿಯುತ್ತಲೇ ಇತ್ತು. ಕೆಲವರು ಬೊಗಸೆಯಲ್ಲಿ ಕುಡಿದರು. ಅಲ್ಲಿಂದ ಪೈಪು ಹಿಡಿದು ಇಳಿದೆವು. ಎಲ್ಲಿಯೂ ಬಿರುಕಿಲ್ಲ, ಎಲ್ಲಿಯೂ ಕಿತ್ತಿಲ್ಲ. ಆಯಿ ಅಲ್ಲಲ್ಲಿ ನಿಂತು, ಪೈಪಿಗೆ ಕಿವಿಯಿಟ್ಟು ಕೇಳಿ ಎಂದು ಮಕ್ಕಳಿಗೆ ಹೇಳುತ್ತಿದ್ದಳು. ನೀರು ಓಡುವ ಸದ್ದು ಕೇಳುತ್ತಿತ್ತು. ಹಾಗೇ ಇಳಿದು ಇಳಿದು ಮೇಲಿನಮನೆಯ ಅಂಗಳಕ್ಕೆ ಬಂದಾಗ ಸುಶೀಲತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಒಬ್ಬ ಹುಡುಗ ಚಪ್ಪಡಿ ಸರಿಸಿದ. ತೊಟ್ಟಿ ತುಂಬಿತ್ತು. ಒಂದು ಬಾಯಿಂದ ನೀರು ಮೇಲಿನಮನೆಗೆ ಹೋಗುತ್ತಿತ್ತು. ಇನ್ನೊಂದು ಬಾಯಿಂದ ಹೋಗುತ್ತಿರಲಿಲ್ಲ. ಪದ್ಮಿನಿ, ಇದು ತನ್ನ ಮನೆಯ ಮರ್ಯಾದೆಯ ಪ್ರಶ್ನೆ ಎಂಬಂತೆ, ಎಲ್ಲರನ್ನೂ ತಳ್ಳಿ ಮುಂದೆ ಬಂದು ತೋಳಿನ ತನಕ ಕೈ ಹಾಕಿದಳು. ತಡಕಾಡಿ, ಹಿಡಿದು, ಎಳೆದಳು. ಗಟ್ಟಿಯಾಗಿ ಸುರುಳಿ ಸುತ್ತಿದ ಒಂದು ಬಟ್ಟೆ ಹೊರಬಂತು. ನೀರು ಗೊಳಕ್ಕೆಂದು ಪೈಪಿನೊಳಗೆ ನುಗ್ಗಿತು. ಪದ್ಮಿನಿ ಸುರುಳಿ ಬಿಚ್ಚಿ ಬಿಸಿಲಿಗೆ ಹಿಡಿದಳು.

ಕೆಂಪು ಬಟ್ಟೆ. ಸುತ್ತ ನಾಲ್ಕಾರು ಕೇರಿಯಲ್ಲಿ ಆ ಸೀರೆ ಉಡುವ ಜೀವ ಒಂದೇ ಉಳಿದಿತ್ತು. ಮಕ್ಕಳಿಗೂ ಅದು ಗೊತ್ತಿತ್ತು. ಹಕ್ಕಿಗಳ ಹಾಗೆ ಗಲಾಟೆ ಮಾಡುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾಗಿ ಆಯಿಯ ಮುಖ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೇರೆ ಯಾರಾದರೂ ಆಗಿದ್ದರೆ ಕೈಗೆ ಸಿಕ್ಕಿದ್ದನ್ನು ತುರುಕುತ್ತಿದ್ದರು, ಹಳೇ ಗೋಣಿಚೂರು, ತೆಂಗಿನ ನಾರು, ಏನಾದರೂ. ಆದರೆ ಬೆಳಿಗ್ಗೆ ಹೂವಿಗೆ ಬಂದ ಅಮ್ಮಮ್ಮ ಮಡಿಯಲ್ಲಿರುತ್ತಾಳೆ. ಮಡಿಯಲ್ಲಿದ್ದವಳು ಮಡಿಯಲ್ಲದ ಬಟ್ಟೆ ಮುಟ್ಟುವ ಹಾಗಿಲ್ಲ. ಕಳ್ಳಕೆಲಸಕ್ಕೂ ಅವಳಿಗೆ ಮಡಿಬಟ್ಟೆಯೇ ಬೇಕಾಯಿತು.

ಆಯಿ ಏನು ಬೇಕಾದರೂ ಹೇಳಬಹುದಿತ್ತು. ಗಾಳಿಗೆ ಹಾರಿ ಬಂದಿರಬೇಕು ಎಂದಿದ್ದರೆ ಮಕ್ಕಳು ನಂಬಿದಂತೆ ಮಾಡುತ್ತಿದ್ದರು. ಅವಳು ಬಟ್ಟೆ ಕೈಗೆ ತೆಗೆದುಕೊಂಡು, ಹಿಂಡಿ, ಜಗಲಿಯ ಕಡೆ ತಿರುಗಿದಳು.

"ಸುಶೀಲಕ್ಕಾ, ಇದು ಯಂಗಳ ಮನೆ ಬಟ್ಟೆ. ನಿಂಗಳ ಮೇಲೆ ಸುಮ್ಮನೇ ಹಾಕಿದ್ಯ. ತಪ್ಪಾತು."

"ಯಂಗೆ ಗೊತ್ತಿತ್ತು," ಎಂದಳು ಸುಶೀಲತ್ತೆ. ಧ್ವನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಪ್ರತಿ ಸಲ ಕಾಣ್ತಿತ್ತಲೇ, ಹೂವಿನ ಬುಟ್ಟಿ ಕೆಳಗಿಟ್ಟು ಚಪ್ಪಡಿ ಸರ್ಸದು, ಆಮೇಲೆ ಮತ್ತೆ ಬಂದು ತೆಗೆಯದು."

"ಹಂಗಾರೆ ಹೇಳಲಾಗಿತ್ತಲೇ?"

"ಹೇಳಿದ್ರೆ ನಿಂಗ ನಂಬ್ತಿದ್ರಾ? ಆನೇ ಬಟ್ಟೆ ತುರುಕಿ ಮುದುಕಿ ಮೇಲೆ ಹಾಕಿದ್ದು ಹೇಳ್ತಿದ್ರಿ."

ಆಯಿ ಬಟ್ಟೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಮಕ್ಕಳನ್ನು ಸಾಲು ಮಾಡಿಸಿ ಶಾಲೆಗೆ ಹೊರಡಿಸಿದಳು. ಉಳಿದ ದಿನವೆಲ್ಲ ಎಂದಿನಂತೆ ಪಾಠ ಮಾಡಿದಳು. ಇವತ್ತಿಗೂ ನನಗೆ ಒಂದು ಅನುಮಾನ ಉಳಿದಿದೆ. ಆಯಿಗೆ ಅಲ್ಲಿ ಏನು ಸಿಗುತ್ತದೆಂದು ಮೊದಲೇ ಗೊತ್ತಿತ್ತೇ? ಮನೆಯೊಳಗೆ ಕೇಳಿದ್ದರೆ ಮುಚ್ಚಿಹೋಗುತ್ತಿತ್ತು ಎಂದು ಅಷ್ಟು ಮಕ್ಕಳನ್ನು ಸಾಕ್ಷಿಗೆ ಕರೆದುಕೊಂಡು ಹೋದಳೇ? ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ. ಅದು ಪಾಠ ಕೂಸೇ, ಬರೀ ಪಾಠ ಎಂದಳು. ನಗುತ್ತಿದ್ದಳು. ನಾನು ನಂಬಲಿಲ್ಲ.

ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ದೀಪ ಹಚ್ಚುವ ಹೊತ್ತಿಗೆ ಅಪ್ಪಯ್ಯ ಜಗಲಿಯಲ್ಲಿ ಅತ್ತಿತ್ತ ತಿರುಗುತ್ತಿದ್ದ. ಅಮ್ಮಮ್ಮ ಒಳಗೆ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ಆಯಿ ಕೆಂಪು ಬಟ್ಟೆಯನ್ನು ಹೊಸ್ತಿಲ ಮೇಲಿಟ್ಟಳು. ಅಪ್ಪಯ್ಯ ಅದನ್ನು ನೋಡಿದವನೇ ಸಿಡಿದ.

"ಇದು ಅವ್ವೇ ಕದ್ದು ತುರುಕಿದ್ದು! ಗಳದ ಮೇಲಿಂದ ಹರ್ಕಂಡು ಹೋಯ್ದ. ಯನ್ನ ಅಬ್ಬೆ ಹೆಸರು ಹಾಳು ಮಾಡಲೆ. ನೀನು ಊರ ಮಕ್ಕಳ ಎದುರಿಗೆ ಹೌದು ಹೇಳಿ ಒಪ್ಗಂಡು ಬಂದೆ!"

ಅವನು ಹೇಳುತ್ತ ಹೋದಂತೆ ಅದು ನಿಜವೇ ಎನಿಸತೊಡಗಿತು. ಮೇಲಿನಮನೆಯವರು ಇಳಿದು ಬಂದದ್ದು, ಕೋಲಿನಿಂದ ಸೀರೆ ಎಳೆದದ್ದು, ಸೆರಗಿನ ಚೂರು ಹರಿದದ್ದು, ಎಲ್ಲ ಅವನು ಕಣ್ಣಾರೆ ಕಂಡಂತೆ ಬಂತು. ನನಗೂ ನಂಬುವ ಆಸೆಯಾಯಿತು. ಅಮ್ಮಮ್ಮ ತಪ್ಪಿತಸ್ಥಳಲ್ಲ ಎಂದಾಗಿಬಿಡಲಿ ಎಂದು ನಾನು ಬೇಡಿಕೊಂಡೆ. ಈಗ ಅಮ್ಮಮ್ಮ ಸುಮ್ಮನಿದ್ದರೆ ಸಾಕಿತ್ತು. ಮಗ ಅವಳನ್ನು ಪೂರ್ತಿ ಪಾರು ಮಾಡಿದ್ದ. ಹಾಗಾಗಿದ್ದರೆ ಈ ಜಗಳ ಇನ್ನೂ ವರ್ಷಗಟ್ಟಲೆ ನಡೆಯುತ್ತಿತ್ತು, ಆಯಿಯ ನೌಕರಿ ಅದರಲ್ಲಿ ಹೋಗುತ್ತಿತ್ತು.

ಅಮ್ಮಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ಯನ್ನ ಮಡಿ ಬಟ್ಟೆ ಅವು ಮುಟ್ಟಿದ್ದ ಹೇಳ್ತ್ಯಾ? ಹಂಗಾರೆ ಇಷ್ಟು ದಿನ ಆನು ಮಡಿ ಹೇಳಿ ಉಟ್ಟಿದ್ದು ಎಂತು? ದೇವ್ರಿಗೆ ಇಟ್ಟಿದ್ದು ಎಂತು?"

"ಅಬ್ಬೇ, ಆನು ಹೇಳಿದ್ದು ಹಂಗಲ್ಲ..."

"ಯಾರೂ ಮುಟ್ಟಿದ್ದ ಇಲ್ಲೆ. ಆ ಗಳಕ್ಕೆ ಯಾರ ಕೈಯೂ ತಾಗಿದ್ದಿಲ್ಲೆ. ಹರಿದಿದ್ದು ಆನೇ, ತುರುಕಿದ್ದು ಆನೇ."

ಕಳ್ಳತನವನ್ನಾದರೂ ಒಪ್ಪಿಕೊಂಡಳು, ಮೈಲಿಗೆಯನ್ನು ಒಪ್ಪಲಿಲ್ಲ. ಅಪ್ಪಯ್ಯ ಜಗಲಿಯ ಅಂಚಿಗೆ ಕುಸಿದು ಕೂತ. ತೂಕದಲ್ಲಿ ಅಷ್ಟು ಗಟ್ಟಿಯಾಗಿದ್ದವನು ಈ ಒಂದು ಮೂಟೆಯನ್ನು ಎಂದೂ ತಕ್ಕಡಿಗೆ ಇಟ್ಟಿರಲಿಲ್ಲ. ಆಯಿ ಹೊಸ್ತಿಲ ಈಚೆಗೇ ಕೂತು, ಶಾಲೆಯಿಂದ ಬಂದು ಇನ್ನೂ ಮಿಂದಿರಲಿಲ್ಲವಾದ್ದರಿಂದ ಒಳಗೆ ಹೋಗದೆ, ಅಲ್ಲಿಂದಲೇ ಕೇಳಿದಳು.

"ಎಂತಕ್ಕೆ ಅತ್ತೆ?"

ಅಮ್ಮಮ್ಮ ಹೊಸೆದ ಬತ್ತಿಯನ್ನು ಬಟ್ಟಲಿಗೆ ಹಾಕಿದಳು. ಆಮೇಲೆ, ಆಯಿಯ ಕಡೆ ನೋಡದೆ, ದೀಪಕ್ಕೆ ಹೇಳಿದಳು.

"ಖಾಯಂ ಆದ್ರೆ ವರ್ಗ ಆಗ್ತಡ. ಅಂವ ಹೇಳ್ತಿದ್ದ, ಸಿರ್ಸಿಗೋ ಸಿದ್ದಾಪುರಕ್ಕೋ. ನೀನು ಹೋದ್ರೆ ನಿನ್ನ ಹಿಂದೆ ಅಂವ ಬತ್ತ, ಕೂಸೂ ಬತ್ತು. ಯನ್ನ ಯಾರು ಕರೀತ?"

"ನಿಂಗಳ ಬಿಟ್ಟಿಕ್ಕೆ ಹೋಗ್ತ್ಯ ಹೇಳಿ ಯಾರು ಹೇಳಿದ್ದು?"

"ಯಾರೂ ಹೇಳಿದ್ದಿಲ್ಲೆ. ಅದ್ಕೇ ಅನುಮಾನ ಆತು."

ಆಯಿಗೆ ಅಳು ಬಂತು. ಅದು ದುಃಖವೋ ಸಿಟ್ಟೋ ನನಗೆ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಅಷ್ಟು ಬೆಳಗು ಏರು ಹತ್ತಿ ನೀರು ಹೊತ್ತ ಭುಜ ಅವಳದು. ಮನಸ್ಸಿನ ಭಯವನ್ನು ಬಾಯಿ ಬಿಟ್ಟು ಹೇಳುವ ಬದಲು ಪೈಪಿಗೆ ಬಟ್ಟೆ ತುರುಕಿದ ಹೆಂಗಸು ಎದುರಿಗೆ ಕೂತಿದ್ದಳು. ಆಯಿ ಕಣ್ಣೊರೆಸಿಕೊಂಡು ಗಟ್ಟಿಯಾಗಿಯೇ ಹೇಳಿದಳು.

"ವರ್ಗ ಆದ್ರೆ ನಿಂಗಳೂ ಬಪ್ಪದು. ಆಗದೆ ಇದ್ರೆ ಇಲ್ಲೇ ಇಪ್ಪದು. ನೌಕರಿ ಮಾತ್ರ ಆನು ಬಿಡ್ತ್ನಿಲ್ಲೆ. ಅಬ್ಬಿ ನಿಂತ್ರೂ ಬಿಡ್ತ್ನಿಲ್ಲೆ."

"ಪ್ಯಾಟೇಲಿ ನಲ್ಲಿ ನೀರಡ," ಎಂದಳು ಅಮ್ಮಮ್ಮ. "ಯಾರ್ಯಾರ ಕೈ ತಾಗಿದ್ದೋ ಎಂತೋ. ಮಡಿಗೆ ಆಗ್ತಿಲ್ಲೆ."

ಅದು ಬರುತ್ತೇನೆ ಎಂಬ ಮಾತೋ, ಬರುವುದಿಲ್ಲ ಎಂಬ ಮಾತೋ ಎಂದು ಯಾರೂ ಬಿಡಿಸಿ ಕೇಳಲಿಲ್ಲ. ಆಯಿ ಮೀಯಲು ಎದ್ದು ಹೋದಳು.

ಆ ವರ್ಷ ಆಯಿಯ ನೌಕರಿ ಖಾಯಂ ಆಯಿತು. ವರ್ಗವಾಗಿ ಊರು ಬಿಡುವ ಪ್ರಸಂಗ ಅಮ್ಮಮ್ಮ ಇರುವ ತನಕ ಬರಲಿಲ್ಲ. ಪದ್ಮಿನಿ ಮತ್ತು ನಾನು ಮತ್ತೆ ಜೊತೆಯಾಗಿ ನಡೆದೆವು. ಸುಶೀಲತ್ತೆ ಮಾತು ಶುರುಮಾಡಿದಳು, ಅಪ್ಪಯ್ಯ ಮಾತ್ರ ಅದರಲ್ಲೇನೋ ಇದೆ ಎಂದು ಹುಡುಕುತ್ತಲೇ ಉಳಿದ. ಜಗಳ ಮುಗಿಯಿತು ಎಂದು ಹೇಳಬಹುದು. ಆದರೆ ಬೆಳಿಗ್ಗೆ ಅಮ್ಮಮ್ಮ ಹೂವಿನ ಬುಟ್ಟಿ ಹಿಡಿದು ಏರು ಹತ್ತಿದ ಕೂಡಲೇ ನಮ್ಮ ಮನೆ ಸದ್ದಡಗುತ್ತಿತ್ತು. ಆಯಿ ಕಾವಲಿಯ ಮೇಲೆ ದೋಸೆ ಹುಯ್ದು ಸೌಟು ಎತ್ತದೆ ನಿಲ್ಲುವಳು, ಅಪ್ಪಯ್ಯ ಹಲ್ಲುಜ್ಜುವುದನ್ನು ತಡೆಯುವನು, ನಾನು ಮಗ್ಗಿ ನಿಲ್ಲಿಸುವೆನು. ಯಾರೂ ಯಾರಿಗೂ ಹೇಳಿದ್ದಲ್ಲ. ಅವಳು ಹಿಂದಿರುಗುವ ತನಕ ಎಲ್ಲರ ಕಿವಿಯೂ ಬಚ್ಚಲಿನ ಕಡೆಗೇ ಇರುತ್ತಿತ್ತು. ಅಮ್ಮಮ್ಮನಿಗೆ ಅದು ತಿಳಿಯದೆ ಇರಲಿಲ್ಲ. ಸಾಯುವ ತನಕ ಪ್ರತಿ ಬೆಳಿಗ್ಗೆ ಹೂ ತಂದು ಹೊಸ್ತಿಲು ದಾಟುವಾಗ, ಯಾರೂ ಕೇಳದೆಯೇ, ಯಾರ ಮುಖವನ್ನೂ ನೋಡದೆಯೇ ಹೇಳುತ್ತಿದ್ದಳು:

"ಆನು ಮುಟ್ಟಿದ್ನಿಲ್ಲೆ."